ಪಿಂಗ್ ಮೂರು ಗೊಮ್ಮಟ

ನಮ್ಮ ಮನೆಯಲ್ಲಿ ರಾತ್ರಿ ಊಟ ಎಂಟೂವರೆಗೆ ಮುಗಿಯುತ್ತದೆ. ಒಂಬತ್ತಕ್ಕೆ ಅಪ್ಪ ಮಲಗಿಯಾಯಿತು. ಆಮೇಲೆ ಚಾವಡಿಯ ಮೂಲೆಯ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿ ನಾನು ಯುದ್ಧಕ್ಕೆ ಹೊರಡುವುದು. ಕಳೆದ ರಜೆಯಲ್ಲಿ ಒಂದು ಶನಿವಾರ ನಾನು ಮೈಮರೆತು "ಆರು ಗಂಟೆ! ನಿನ್ನ ಆರು ಗಂಟೆಗೆ ಉಂಟು, ಕೆಳಗೆ!" ಅಂತ ಕಿರುಚಿದೆ. ಒಳಗಿನಿಂದ ಅಜ್ಜಿಯ ಸ್ವರ ಬಂತು: "ಆರಲ್ಲ ಮಗಾ, ಹತ್ತು ಕಳೀತು. ಮಲಗು."

ವಿಮಾನದ ಮೂಗು ಹನ್ನೆರಡು ಗಂಟೆ, ಬಾಲ ಆರು ಗಂಟೆ. ಬಲರೆಕ್ಕೆ ಮೂರು, ಎಡರೆಕ್ಕೆ ಒಂಬತ್ತು. ವೈರಿ ಎಲ್ಲಿದ್ದಾನೆ ಅಂತ ಹೇಳಲು ಇದಕ್ಕಿಂತ ಚಿಕ್ಕ ಭಾಷೆ ಇಲ್ಲ. ಇದನ್ನೆಲ್ಲ ಅಜ್ಜಿಗೆ ವಿವರಿಸಲು ಹೋದರೆ ಬೆಳಗಾಗುತ್ತದೆ. ಅದಕ್ಕೇ "ಆಯ್ತು ಅಜ್ಜಿ" ಅಂದೆ. ಅಷ್ಟರಲ್ಲಿ ಬಂಗುಡೆಯ ರೆಕ್ಕೆ ಹೋಗಿತ್ತು.

ಬಂಗುಡೆ ಅಂದರೆ ಮೀನಲ್ಲ, ನಮ್ಮ ಲೀಡರ್. ಮಂಗಳೂರಿನವನು, ಫೈನಲ್ ಇಯರ್. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಒಂದೊಂದು ಕಾಲ್‌ಸೈನ್ ಉಂಟು. ಕೊಡಗಿನವನು ಪಂದಿ, ಹುಬ್ಬಳ್ಳಿಯವನು ಮಿರ್ಚಿ, ಅಳದಂಗಡಿಯವನು ಪತ್ರೊಡೆ. ನಾನು ವೇಣೂರಿನವನು, ಮನೆಯಲ್ಲಿ ತೋಟ, ಹಾಗಾಗಿ ಅಡಿಕೆ. ಹೊಸದಾಗಿ ಸೇರಿದ ಫಸ್ಟ್ ಇಯರ್ ಹುಡುಗನಿಗೆ ಇನ್ನೂ ಹೆಸರು ಸಿಕ್ಕಿರಲಿಲ್ಲ, ಬರೀ "ಜೂನಿಯರ್".

ನಾವು ಹಾರಿಸುವುದು ಐಎಲ್-2 ಸ್ಟರ್ಮೊವಿಕ್: 1946. ಬಂದದ್ದು 2006ರಲ್ಲಿ, ಅದರ ಮೂಲ ಆಟ 2001ರದ್ದು. ಜೂನಿಯರ್‌ಗಿಂತ ವಯಸ್ಸಿನಲ್ಲಿ ದೊಡ್ಡದು. ಈಗಿನ ಡಿಸಿಎಸ್ ವರ್ಲ್ಡ್‌ನಂಥವು ನೋಡಲು ಚಂದ, ಆದರೆ ನನ್ನ ಐ3 ಲ್ಯಾಪ್‌ಟಾಪ್‌ನಲ್ಲಿ ಅದನ್ನು ಹಾಕಿದರೆ ವಿಮಾನ ಏಳುವ ಮೊದಲು ಫ್ಯಾನ್ ಏಳುತ್ತದೆ. 1946 ಎಂಥ ಡಬ್ಬದಲ್ಲೂ ಓಡುತ್ತದೆ. ಮತ್ತೆ ಅದರಲ್ಲಿ ಮಿಷನ್ ಬಿಲ್ಡರ್ ಉಂಟು. ನಕ್ಷೆ ತೆಗೆದುಕೊಂಡು ಎಲ್ಲಿ ಟ್ಯಾಂಕ್, ಎಲ್ಲಿ ಫಿರಂಗಿ, ಎಷ್ಟು ಗಂಟೆಗೆ ಯಾರು ಎಲ್ಲಿಂದ ಏಳಬೇಕು ಅಂತ ನಾವೇ ಬರೆಯಬಹುದು. ಬಂಗುಡೆ ಒಂದು ಮಿಷನ್ ಕಟ್ಟಲು ಎರಡು ಭಾನುವಾರ ತೆಗೆದುಕೊಳ್ಳುತ್ತಾನೆ. ಅವನ ಮೇಜರ್ ಪ್ರಾಜೆಕ್ಟ್‌ಗೆ ಅಷ್ಟು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಸೆಮಿಸ್ಟರ್ ಇರುವಾಗ ತೊಂದರೆಯೇ ಇಲ್ಲ. ಹಾಸ್ಟೆಲ್‌ನಲ್ಲಿ ಒಂದು ಸ್ವಿಚ್, ಆರು ಕೇಬಲ್, ಪಿಂಗ್ ಒಂದೋ ಎರಡೋ ಮಿಲಿಸೆಕೆಂಡ್. ರಜೆಯಲ್ಲಿ ಎಲ್ಲರೂ ಊರಿಗೆ ಹೋದ ಮೇಲೆಯೇ ನಿಜವಾದ ನೆಟ್‌ವರ್ಕಿಂಗ್ ಲ್ಯಾಬ್ ಶುರುವಾಗುವುದು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇರುವವನು ಹೋಸ್ಟ್ ಮಾಡಲು ಹೋದರೆ ಯಾರಿಗೂ ಕನೆಕ್ಟ್ ಆಗುವುದಿಲ್ಲ. ಒಂದೇ ಪಬ್ಲಿಕ್ ಐಪಿಯ ಹಿಂದೆ ಕಂಪೆನಿಯವರು ಎಷ್ಟೋ ಗಿರಾಕಿಗಳನ್ನು ಕೂರಿಸಿರುತ್ತಾರೆ, ಹೊರಗಿನಿಂದ ಬಂದ ಪ್ಯಾಕೆಟ್‌ಗೆ ಯಾರ ಮನೆಗೆ ಹೋಗಬೇಕೆಂದೇ ತಿಳಿಯುವುದಿಲ್ಲ. ಕೊನೆಗೆ ಝೀರೋಟಿಯರ್ ಹಾಕಿಕೊಂಡೆವು. ಅದು ಎರಡೂ ಕಡೆಯಿಂದ ಒಟ್ಟಿಗೆ ಪ್ಯಾಕೆಟ್ ಕಳಿಸಿ ನ್ಯಾಟ್‌ನಲ್ಲಿ ತೂತು ಕೊರೆಯುತ್ತದೆ, ಆಮೇಲೆ ನಾವೆಲ್ಲ ಒಂದೇ ಲ್ಯಾನ್‌ನಲ್ಲಿ ಇದ್ದ ಹಾಗೆ. ಸಿಲೆಬಸ್‌ನಲ್ಲಿ ಇದಕ್ಕೆ ಎರಡು ಮಾರ್ಕಿನ ಪ್ರಶ್ನೆ. ನನಗೆ ಅರ್ಥವಾದದ್ದು ಬಂಗುಡೆಯ ಸರ್ವರ್‌ಗೆ ಸೇರಲು ಒದ್ದಾಡಿದ ಆ ರಾತ್ರಿ.

ಇನ್ನು ಪಿಂಗ್‌ನ ವಿಷಯ. ಇಂಥ ಆಟಗಳು ಒಬ್ಬರಿಂದೊಬ್ಬರಿಗೆ ಚಿತ್ರ ಕಳಿಸುವುದಿಲ್ಲ. ವಿಮಾನ ಎಲ್ಲಿದೆ, ಯಾವ ಕಡೆಗೆ ಮುಖ, ಎಷ್ಟು ವೇಗ ಅಂತ ಕೆಲವು ಸಂಖ್ಯೆಗಳು ಮಾತ್ರ. ಎರಡು ಪ್ಯಾಕೆಟ್‌ಗಳ ನಡುವೆ ನಮ್ಮ ಕಂಪ್ಯೂಟರ್ "ಇವನು ಇದೇ ವೇಗದಲ್ಲಿ ಹೋಗಿದ್ದರೆ ಇಲ್ಲಿರಬೇಕಿತ್ತು" ಅಂತ ಅಂದಾಜು ಮಾಡಿ ತೋರಿಸುತ್ತದೆ. ನೆಟ್ಟಗೆ ಹೋಗುವವನಿಗೆ ಅಂದಾಜು ಸರಿ ಬರುತ್ತದೆ. ತಿರುಗುವವನಿಗೆ ಬರುವುದಿಲ್ಲ. ಅವನು ತಿರುಗಿ ಆಗಿರುತ್ತದೆ, ನಮ್ಮ ಸ್ಕ್ರೀನ್‌ನಲ್ಲಿ ಟ್ಯಾಂಜೆಂಟ್ ಹಿಡಿದು ಹೋಗುತ್ತಿರುತ್ತಾನೆ, ಮುಂದಿನ ಪ್ಯಾಕೆಟ್ ಬಂದ ಕೂಡಲೇ ದೆವ್ವದ ಹಾಗೆ ಇನ್ನೊಂದು ಕಡೆಗೆ ಹಾರುತ್ತಾನೆ.

ಎಷ್ಟು ದೂರಕ್ಕೆ ಹಾರುತ್ತಾನೆ? ಗಂಟೆಗೆ 400 ಕಿ.ಮೀ. ಅಂದರೆ ಸೆಕೆಂಡಿಗೆ 111 ಮೀಟರ್. 100 ಮಿಲಿಸೆಕೆಂಡ್‌ಗೆ 11 ಮೀಟರ್. ಆ 11 ಎಲ್ಲೋ ಕೇಳಿದ ಹಾಗೆ ಆಯಿತು. ನಮ್ಮೂರ ಗೊಮ್ಮಟ 35 ಅಡಿ, ಸುಮಾರು 11 ಮೀಟರ್! 1604ರಲ್ಲಿ ತಿಮ್ಮಣ್ಣ ಅಜಿಲ ಫಲ್ಗುಣಿ ನದಿಯ ದಡದಲ್ಲಿ ನಿಲ್ಲಿಸಿದ ಬಾಹುಬಲಿ. 2024ರಲ್ಲಿ ಮಹಾಮಸ್ತಕಾಭಿಷೇಕ ಆದಾಗ ನಿಮ್ಮಲ್ಲಿ ಕೆಲವರು ಬಂದಿರಬಹುದು. ಹಾಗಾಗಿ 100 ಮಿಲಿಸೆಕೆಂಡ್ ಅಂದರೆ ಒಂದು ಗೊಮ್ಮಟ ಅಂತ ನಾನೇ ಗುಂಪಿನಲ್ಲಿ ಘೋಷಿಸಿದೆ. (ಪಿಂಗ್ ಅಂದರೆ ಹೋಗಿ ಬರುವ ಹೊತ್ತು, ಒಂದು ಕಡೆಗೆ ಅರ್ಧವೇ ಅಂತ ಸಿಎಸ್‌ನವರು ತಕರಾರು ತೆಗೆಯುತ್ತಾರೆ ಅಂತ ಗೊತ್ತು. ನಾನು ನೋಡುವ ಅವನು ಅರ್ಧ ಹಳಬ, ಅವನು ನೋಡುವ ನಾನು ಅರ್ಧ ಹಳಬ. ಎರಡೂ ಕೂಡಿಸಿ ಮಾರಾಯ್ರೇ.) ಬೀದರ್‌ನ ಸೂರ್ಯಕಿರಣ್ ತಂಡದವರು ಒಂಬತ್ತು ಹಾಕ್ ವಿಮಾನಗಳನ್ನು ಅರ್ಧ ಗೊಮ್ಮಟಕ್ಕಿಂತ ಕಡಿಮೆ ಅಂತರದಲ್ಲಿ ಹಾರಿಸುತ್ತಾರೆ. ಅವರಿಗೆ ಕಣ್ಣಿನ ಪಿಂಗ್ ಮಾತ್ರ.

ಈ ಅಳತೆ ತಿರುಗಿ ನನ್ನ ತಲೆಗೇ ಬಿತ್ತು. ಜೂನ್ ಬಂದರೆ ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ. ಒಂದು ಕೊಂಬೆ ಬಿದ್ದರೆ ಕರೆಂಟ್ ಇಲ್ಲ, ಇನ್ನೊಂದು ಬಿದ್ದರೆ ಫೈಬರ್ ಇಲ್ಲ, ಮತ್ತೆ ಮೊಬೈಲ್ ಹಾಟ್‌ಸ್ಪಾಟ್. "ಅಡಿಕೆಯದ್ದು ಇವತ್ತು ಎಷ್ಟು?" ಅಂತ ಪಂದಿ ಕೇಳುವುದು, "ಮೂರು ಗೊಮ್ಮಟ" ಅಂತ ಬಂಗುಡೆ ಹೇಳುವುದು, ನನ್ನನ್ನು ಸ್ಟ್ಯಾಂಡ್‌ಬೈಗೆ ಹಾಕುವುದು. ನಾವು ಆಡುವುದು ಕೋಆಪ್ ಮಿಷನ್. ಎಲ್ಲರೂ ಮೊದಲೇ ಸೀಟು ಹಿಡಿದು ಕೂತ ಮೇಲೆ ಶುರು, ನಡುವೆ ಬಂದು ಸೇರಲು ಆಗುವುದಿಲ್ಲ. ಯಾರೂ ಕೂರದ ಸೀಟಿನಲ್ಲಿ ಕಂಪ್ಯೂಟರ್ ಕೂತು ಹಾರಿಸುತ್ತದೆ. ಅಂದರೆ ನನಗಿಂತ ಆ ಕಂಪ್ಯೂಟರ್ ವಾಸಿ ಅಂತ ಐದು ಶನಿವಾರ ತೀರ್ಮಾನ ಆಯಿತು. ನಾನು ಡಿಸ್ಕಾರ್ಡ್‌ನಲ್ಲಿ ಕೂತು ಅವರ ಗಲಾಟೆ ಕೇಳುತ್ತಿದ್ದೆ. ಹಗಲು ತೋಟಕ್ಕೆ ಮದ್ದು ಬಿಡುವವರ ಹಿಂದೆ ಬೋರ್ಡೋದ ಡ್ರಮ್ ಕಲಕುವುದು, ರಾತ್ರಿ ಇದು. ಕೋಪ ಇತ್ತು. ಹೇಳಲಿಲ್ಲ.

ಆರನೇ ಶನಿವಾರ ಪತ್ರೊಡೆಗೆ ಯಾರದೋ ಮದುವೆಯ ಓಡಾಟ. "ಅಡಿಕೆ, ನಂಬರ್ ಟೂ ನಿನಗೆ. ಪಿಂಗ್ ಎಷ್ಟು?" ಅಂತ ಬಂಗುಡೆ ಕೇಳಿದ. ಮಳೆ ಸುರಿಯುತ್ತಿತ್ತು, ಆದರೆ ಫೈಬರ್ ಇತ್ತು. ಅರ್ಧ ಗೊಮ್ಮಟ.

ನಂಬರ್ ಟೂ ಅಂದರೆ ಲೀಡರ್‌ನ ಜೊತೆಗಾರ. ಇದರ ಹಿಂದೆ ಒಂದು ಕಥೆ ಉಂಟು. ಮೊದಲು ಹಲವು ದೇಶದವರು ಮೂರು ಮೂರು ವಿಮಾನ ಒತ್ತೊತ್ತಾಗಿ ಹಾರಿಸುತ್ತಿದ್ದರು. ಪಕ್ಕದ ಇಬ್ಬರಿಗೂ ಡಿಕ್ಕಿ ಆಗದ ಹಾಗೆ ನೋಡಿಕೊಳ್ಳುವುದೇ ಕೆಲಸ, ಆಕಾಶ ನೋಡಲು ಪುರುಸೊತ್ತು ಇಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ ಜರ್ಮನ್ನರು ಅದನ್ನು ಬಿಟ್ಟು ಎರಡೆರಡರ ಜೋಡಿ ಮಾಡಿದರು, ನಡುವೆ ಧಾರಾಳ ಅಂತರ. ಒಬ್ಬ ಹೊಡೆಯುತ್ತಾನೆ, ಇನ್ನೊಬ್ಬ ಅವನ ಬೆನ್ನು ನೋಡುತ್ತಾನೆ. ಅಮೆರಿಕದ ನೌಕಾಪಡೆಯ ಜಾನ್ ಥ್ಯಾಚ್ 1941ರಲ್ಲಿ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿ ಜೋಡಿಸಿ ಜೋಡಿಯನ್ನು ಇನ್ನೂ ಮುಂದಕ್ಕೆ ಒಯ್ದ. ಇಬ್ಬರೂ ಒಬ್ಬರ ಕಡೆಗೆ ಒಬ್ಬರು ತಿರುಗುತ್ತ ಜಡೆ ಹೆಣೆದ ಹಾಗೆ ಹಾರಬೇಕು. ಒಬ್ಬನ ಬಾಲ ಹಿಡಿದ ವೈರಿ ಇನ್ನೊಬ್ಬನ ಮೂಗಿನ ಎದುರಿಗೇ ಬರುತ್ತಾನೆ. ಮರುವರ್ಷ ಮಿಡ್‌ವೇ ಯುದ್ಧದಲ್ಲಿ, ತಮ್ಮದಕ್ಕಿಂತ ಚುರುಕಾದ ಜಪಾನಿನ ಝೀರೋ ವಿಮಾನಗಳ ಎದುರು ಅದು ನಡೆಯಿತು. ನಾನು ಜಗಲಿಯಲ್ಲಿ ಒಣ ಅಡಿಕೆ ಇಟ್ಟು ಅಭ್ಯಾಸ ಮಾಡಿದ್ದೆ. ಅಪ್ಪ ನೋಡಿ "ಪರೀಕ್ಷೆಗೆ ಇದು ಉಂಟಾ?" ಅಂತ ಕೇಳಿದ್ದರು. ಒಂದು ಲೆಕ್ಕದಲ್ಲಿ ಇತ್ತು.

ಅವತ್ತಿನ ಮಿಷನ್ ಕ್ರೈಮಿಯಾ. ನಾಲ್ಕು ಐಎಲ್-2 ರಸ್ತೆಯಲ್ಲಿ ಹೋಗುವ ಟ್ಯಾಂಕುಗಳ ಮೇಲೆ ದಾಳಿ ಮಾಡಬೇಕು, ಮೇಲೆ ನಾಲ್ಕು ಯಾಕ್ ಕಾವಲು. ("ಯಾಕ್?" "ಯಾಕ್-9." ಈ ಜೋಕು ಪ್ರತಿ ವಾರ ಆಗುತ್ತದೆ, ಪ್ರತಿ ವಾರ ಮಿರ್ಚಿ ಒಬ್ಬನೇ ನಗುತ್ತಾನೆ.) ಐಎಲ್-2ರಲ್ಲಿ ಮಿರ್ಚಿ, ಅವನ ಪಕ್ಕ ಜೂನಿಯರ್, ಇನ್ನೆರಡು ಕಂಪ್ಯೂಟರ್. ಜೂನಿಯರ್‌ಗೆ ಅದು ಮೊದಲನೇ ಮಿಷನ್. ಐಎಲ್-2 ಗಟ್ಟಿ ವಿಮಾನ, 36 ಸಾವಿರಕ್ಕೂ ಹೆಚ್ಚು ತಯಾರಾದದ್ದು. ಆದರೆ ನಿಧಾನ, ಎಮ್ಮೆಯ ಹಾಗೆ. ಕಾವಲು ಇಲ್ಲದಿದ್ದರೆ ಮೇಲಿನಿಂದ ಬರುವ ಮೆಸ್ಸರ್‌ಶ್ಮಿಟ್‌ಗಳಿಗೆ ಹಬ್ಬ.

ಹೊರಡುವ ಮೊದಲು ಬಂಗುಡೆ ಹೇಳಿದ್ದು ಎರಡೇ ಮಾತು: "ಮೆಸ್ಸರ್ ಕಂಡ್ರೆ ಹೇಳು. ಅಟ್ಟಿಸಿಕೊಂಡು ಹೋಗ್ಬೇಡ."

ಹೋದೆ.

ಟ್ಯಾಂಕುಗಳ ಹತ್ತಿರ ಆರು ಮೆಸ್ಸರ್‌ಗಳು ಬಂದವು. ಬಂಗುಡೆ ಒಂದಕ್ಕೆ ಗುಂಡು ತಾಗಿಸಿದ, ಅದು ಬಿಳಿ ಹೊಗೆ ಬಿಡುತ್ತ ಸಮುದ್ರದ ಕಡೆಗೆ ಇಳಿಯಿತು. ನನ್ನ ಎದುರಿಗೇ, ಕೈಗೆ ಸಿಗುವ ಹಾಗೆ. ಐದು ಶನಿವಾರ ಕೂತು ಕೇಳಿದವನಿಗೆ ಅದು ಬಾಳೆಎಲೆಯ ಮೇಲೆ ಬಡಿಸಿದ ಹೋಳಿಗೆ. ಮೂಗು ಕೆಳಗೆ ಮಾಡಿ ಹಿಂದೆ ಬಿದ್ದೆ. ಹೊಡೆದೆ, ತಾಗಲಿಲ್ಲ, ಮತ್ತೆ ಹೊಡೆದೆ. ಅಷ್ಟರಲ್ಲಿ ಕಿವಿಯಲ್ಲಿ, "ಅಡಿಕೆ, ನನ್ನ ಆರು ಗಂಟೆ ನೋಡು."

ತಿರುಗಿ ನೋಡಿದರೆ ಅವನು ಒಂದು ಚುಕ್ಕೆ. ಸುಮಾರು ಮೂರು ಕಿಲೋಮೀಟರ್. ಗಂಟೆಗೆ 500ರಂತೆ ಹೋದರೂ 22 ಸೆಕೆಂಡ್ ಬೇಕು. 22 ಸೆಕೆಂಡ್ ಕಡಿಮೆ ಅಂತ ನಿಮಗೆ ಅನ್ನಿಸಿದರೆ, ಬೆನ್ನಿಗೆ ಗುಂಡು ಬೀಳುತ್ತಿರುವ ಒಬ್ಬನ ಉಸಿರನ್ನು ಹೆಡ್‌ಸೆಟ್‌ನಲ್ಲಿ ಕೇಳುತ್ತ ಎಣಿಸಿ ನೋಡಿ. "ಅಡಿಕೆ? ಎಲ್ಲಿದ್ದಿ?" ಅಂದ. ನಾನು ಉತ್ತರ ಕೊಡಲಿಲ್ಲ. ಏನಂತ ಹೇಳುವುದು? ಬಂಗುಡೆ ಬಿದ್ದ. ಕಾವಲಿನ ಒಂದು ಬದಿ ಖಾಲಿಯಾಯಿತು. ಎರಡು ಮೆಸ್ಸರ್ ನೆಟ್ಟಗೆ ಜೂನಿಯರ್‌ನ ಮೇಲೆ ಹೋದವು. ಅವನು "ಅಣ್ಣ, ಅಣ್ಣ, ಇದು ಎಲ್ಲಿಂದ ಹೊಡೀತಿದೆ?" ಅಂತ ಕೇಳುತ್ತಿದ್ದ. ಆ ಅಣ್ಣ ನಾನೇ.

ಆಗ ನಾನು ಮಾಡಿದ್ದು: ಕೈ ಚಾಚಿ ಲ್ಯಾಪ್‌ಟಾಪ್‌ನಿಂದ ನೆಟ್ ಕೇಬಲ್ ಎಳೆದೆ.

ಮನೆ ನಿಶ್ಶಬ್ದ. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು. ಎರಡು ನಿಮಿಷ ಬಿಟ್ಟು ಫೋನ್ ತೆಗೆದು ಗ್ರೂಪ್‌ಗೆ ಹಾಕಿದೆ: "ಕರೆಂಟ್ ಹೋಯ್ತು ಮಾರಾಯ, ಸಾರಿ."

ಎಲ್ಲರೂ ನಂಬಿದರು. ಮಿರ್ಚಿ "ನಿಮ್ಮೂರಾಗ ಕರೆಂಟ್ ಇದ್ದದ್ದು ಯಾವಾಗಲೇ" ಅಂತ ಬರೆದ. ಜೂನಿಯರ್ ಬರೆದದ್ದು, "ಪರವಾಗಿಲ್ಲ ಅಣ್ಣ, ಮಳೆಗಾಲ ಅಲ್ವಾ." ಅದನ್ನು ಓದಿ ಮಲಗಿದೆ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಪತ್ರೊಡೆಯ ಮೆಸೇಜ್, ಗ್ರೂಪ್‌ನಲ್ಲಿ ಅಲ್ಲ, ನನಗೊಬ್ಬನಿಗೇ: "ನಿನ್ನೆ ಹತ್ತು ಗಂಟೆಗೆ ಅಳದಂಗಡಿಯಲ್ಲಿ ಕರೆಂಟ್ ಇತ್ತಲ್ಲ?" ನಾನು "ನಮ್ಮ ಬದಿಗೆ ಮಾತ್ರ ಹೋಗಿತ್ತು" ಅಂದೆ. ಒಂದು ಸುಳ್ಳಿಗೆ ಇನ್ನೊಂದು ವಿಂಗ್‌ಮ್ಯಾನ್.

ನಾನು ಮರೆತ ವಿಷಯ ಒಂದಿತ್ತು. ಆಟದಲ್ಲಿ ಟ್ರ್ಯಾಕ್ ರೆಕಾರ್ಡ್ ಮಾಡಬಹುದು. ಬಂಗುಡೆ ಪ್ರತಿ ಮಿಷನ್ ರೆಕಾರ್ಡ್ ಮಾಡುತ್ತಾನೆ, ಭಾನುವಾರ ಸ್ಕ್ರೀನ್ ಶೇರ್ ಮಾಡಿ ಎಲ್ಲರಿಗೂ ತೋರಿಸುತ್ತಾನೆ. ಯಾರು ಎಲ್ಲಿ ತಪ್ಪಿದರು ಅಂತ ನೋಡಲು. ಅದರಲ್ಲಿ ಎಲ್ಲ ಉಂಟು. ಹೊಗೆ ಬಿಡುವ ಮೆಸ್ಸರ್, ಅದರ ಹಿಂದೆ ಹೋಗುವ ನನ್ನ ಯಾಕ್, ಅವನು ನನ್ನನ್ನು ಕರೆದ ಹೊತ್ತಿಗೆ ನಾನು ಎಷ್ಟು ದೂರ ಇದ್ದೆ ಎಂಬುದು, ಅವನು ಬಿದ್ದ ಮೇಲೂ ನಾನು ಸುಮ್ಮನೆ ನೆಟ್ಟಗೆ ಹಾರುತ್ತಿದ್ದದ್ದು, ಆಮೇಲೆ ನನ್ನ ವಿಮಾನ ಮಾಯವಾದದ್ದು. ಅಲ್ಲಿಗೆ ಬಂದಾಗ ಅವನು ಪಾಸ್ ಒತ್ತಿದ.

"ಇಲ್ಲಿ ಕರೆಂಟ್ ಹೋದ್ದಾ?"

"ಹೌದು."

"ಸರಿ," ಅಂತ ಹೇಳಿ ಪ್ಲೇ ಒತ್ತಿದ. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆ ರಜೆಯ ಉಳಿದ ಮೂರು ಶನಿವಾರ ನಾನು ಹಾರಲಿಲ್ಲ. ನೆಟ್ ಸರಿ ಇಲ್ಲ ಅಂದೆ. ಸರಿಯೇ ಇತ್ತು.

ಕಾಲೇಜು ಶುರುವಾದ ಮೇಲೆ, ಸೆಪ್ಟೆಂಬರ್ ಮೊದಲ ವಾರ ಇರಬೇಕು, ಹಾಸ್ಟೆಲ್ ರೂಮಿನಲ್ಲಿ ಮುಂದಿನ ಮಿಷನ್ ಯಾವುದು ಅಂತ ಮಾತಾಗುತ್ತಿತ್ತು. "ನಮ್ಮದೇ ಒಂದು ಮಾಡುವ, 1965ರ ಸರ್ಗೋಧಾ ಮಾಡುವ" ಅಂತ ಮಿರ್ಚಿ ಹೇಳಿದ. ಹಿಂದಿ ಸಿನೆಮಾ ನೋಡಿದ ಪ್ರಭಾವ. ಪಂದಿ ಸುಮ್ಮನಿದ್ದ. ಆಮೇಲೆ ಅಜ್ಜಮಾಡ ದೇವಯ್ಯನವರ ವಿಷಯ ಹೇಳಿದ. ಸಿನೆಮಾದಲ್ಲಿ ಹೆಸರು ಬೇರೆ ಮಾಡಿದ್ದಾರೆ, ಅವರ ಊರಿನಲ್ಲಿ ಬೇರೆ ಮಾಡಿಲ್ಲ. ಮಡಿಕೇರಿಯಲ್ಲಿ ಅವರ ಪ್ರತಿಮೆ ಉಂಟು.

ಸ್ಕ್ವಾಡ್ರನ್ ಲೀಡರ್ ದೇವಯ್ಯ ಕೊಡಗಿನವರು, ವಾಯುಪಡೆಯಲ್ಲಿ ತರಬೇತುದಾರರಾಗಿದ್ದವರು. 1965ರ ಸೆಪ್ಟೆಂಬರ್ 7ರ ನಸುಕಿಗೆ ಆದಂಪುರದಿಂದ ನಂಬರ್ 1 ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಗೆ ಹೊರಟವು. ಅದರಲ್ಲಿ ದೇವಯ್ಯ ಸ್ಟ್ಯಾಂಡ್‌ಬೈ. ಮುಖ್ಯ ತಂಡದಲ್ಲಿ ಜಾಗ ಖಾಲಿಯಾದರೆ ಮಾತ್ರ ಹೋಗಬೇಕಾದವರು. ಹೋದರು. ದಾರಿಯಲ್ಲಿ ಒಂದು ಎಫ್-104 ಸ್ಟಾರ್‌ಫೈಟರ್ ಎದುರಾಯಿತು. ಅದು ಶಬ್ದದ ಎರಡು ಪಟ್ಟು ವೇಗದ ವಿಮಾನ, ಮಿಸ್ಟೇರ್‌ಗೆ ಅದರ ಜೊತೆ ಹೋಲಿಕೆಯೇ ಇಲ್ಲ. ದೇವಯ್ಯ ಅದರೊಂದಿಗೆ ಕಾದಾಡಿ ಅದನ್ನು ಕೆಡವಿದರು. ಅದರ ಪೈಲಟ್ ಹಾರಿ ಬದುಕಿದ. ದೇವಯ್ಯ ತಿರುಗಿ ಬರಲಿಲ್ಲ. ಅವರಿಗೆ ಏನಾಯಿತು ಅಂತ ಜೊತೆಗೆ ಹೋದ ಯಾರಿಗೂ ತಿಳಿಯಲಿಲ್ಲ. ನಮ್ಮ ಕಡೆಯ ಕಡತದಲ್ಲಿ ಬರೀ "ಕಾಣೆಯಾದವರು". 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಮಾಹಿತಿ ತೆಗೆದುಕೊಂಡು ಆ ಯುದ್ಧದ ಬಗ್ಗೆ ಪುಸ್ತಕ ಬರೆದ. ಆ ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್‌ನ ಗುಂಡಿಗೆ ಅಂತ ಹೊರಗೆ ಬಂದದ್ದು ಅದರಲ್ಲಿ. 1988ರಲ್ಲಿ, ಘಟನೆಯಾಗಿ 23 ವರ್ಷಕ್ಕೆ, ಮಹಾವೀರ ಚಕ್ರ ಬಂತು.

"ಆ ಮಿಷನ್ ಮಾಡುದು ಬೇಡ," ಅಂದ ಪಂದಿ. "ಅವರ ಸೀಟಲ್ಲಿ ಕೂತು ನಾನು ಎಸ್ಕೇಪ್ ಒತ್ತಿ ಹೊರಗೆ ಬರುದಾ?" ನಮ್ಮ ಆಟದಲ್ಲಿ ಮಿಸ್ಟೇರ್ ವಿಮಾನವೇ ಇಲ್ಲ, ಮಾಡಲು ಸಾಧ್ಯವೂ ಇರಲಿಲ್ಲ. ಆದರೆ ಯಾರೂ ಅದನ್ನು ಹೇಳಲಿಲ್ಲ. ನಾನಂತೂ ತಲೆ ಎತ್ತಲಿಲ್ಲ. ಎಸ್ಕೇಪ್ ಒತ್ತುವಷ್ಟು ಸಹ ಧೈರ್ಯ ಇಲ್ಲದೆ ಕೇಬಲ್ ಎಳೆದವನು ಅಲ್ಲೇ ಕೂತಿದ್ದ.

ಅವತ್ತು ರಾತ್ರಿ ಮೆಸ್ಸಿನಲ್ಲಿ ತಟ್ಟೆ ತೊಳೆಯುವ ಜಾಗದಲ್ಲಿ ಬಂಗುಡೆ ಒಬ್ಬನೇ ಸಿಕ್ಕಿದ. ಹೇಳಿದೆ. ಉದ್ದ ಮಾತಾಡಲು ಆಗಲಿಲ್ಲ. "ಅವತ್ತು ಕರೆಂಟ್ ಇತ್ತು. ಕೇಬಲ್ ನಾನೇ ತೆಗೆದದ್ದು."

ಅವನು ನಲ್ಲಿ ನಿಲ್ಲಿಸಿದ. "ಗೊತ್ತುಂಟು. ಕರೆಂಟ್ ಹೋದ್ರೆ ನಿನ್ನ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇರ್ತದೆ, ಹಾಟ್‌ಸ್ಪಾಟ್ ಹಾಕಿ ಎರಡು ನಿಮಿಷದಲ್ಲಿ ಡಿಸ್ಕಾರ್ಡ್‌ಗೆ ಬರ್ತಿದ್ದಿ. ಯಾವಾಗ್ಲೂ ಬರ್ತಿದ್ದಿ. ಅವತ್ತು ಬರ್ಲಿಲ್ಲ."

ನಾನು ಇಷ್ಟು ದಿನ ಕಾಪಾಡಿಕೊಂಡು ಬಂದ ಸುಳ್ಳು ಅಷ್ಟು ಸದರ ಇತ್ತು.

"ನೀ ಅಟ್ಟಿಸಿಕೊಂಡು ಹೋದದ್ದಕ್ಕೆ ನಂಗೆ ಬೇಜಾರಿಲ್ಲ," ಅಂದ. "ಅದು ಎಲ್ಲರೂ ಮಾಡ್ತಾರೆ, ನಾನೂ ಮಾಡಿದ್ದೆ. ಕೇಳಿದಾಗ 'ದೂರ ಇದ್ದೇನೆ' ಅಂತ ಒಂದು ಮಾತು ಹೇಳಿದ್ರೆ ನಾನು ಪಂದಿಯ ಕಡೆಗೆ ತಿರುಗ್ತಿದ್ದೆ. ನೀ ಬರ್ತಿ ಅಂತ ನೆಟ್ಟಗೆ ಹಾರಿದೆ." ಸ್ವಲ್ಪ ಹೊತ್ತು ಬಿಟ್ಟು, "ಐದು ವಾರ ನಿನ್ನನ್ನು ಹೊರಗೆ ಕೂರಿಸಿದ್ದು ಜಾಸ್ತಿ ಆಯ್ತು ಅಂತ ನಂಗೆ ಆಮೇಲೆ ಗೊತ್ತಾಯ್ತು. ನೀನಾದ್ರೂ ಹೇಳ್ಬೇಕಿತ್ತು ಮಾರಾಯ." ತಟ್ಟೆ ಒರೆಸಿಕೊಂಡು ಹೋಗುವಾಗ, "ಜೂನಿಯರ್‌ಗೆ ನೀನೇ ಹೇಳು. ಅವನು ಇನ್ನೂ ನಿಮ್ಮೂರಿನ ಕರೆಂಟ್‌ಗೆ ಬೈತಿದ್ದಾನೆ."

ಅದು ಮಾತ್ರ ಕಷ್ಟ ಆಯಿತು. ಬಂಗುಡೆಗೆ ಹೇಳಲು ಎರಡು ತಿಂಗಳು, ಜೂನಿಯರ್‌ಗೆ ಹೇಳಲು ಇನ್ನೂ ಮೂರು ವಾರ. ಸೀನಿಯರ್‌ಗೆ ತಪ್ಪೊಪ್ಪಿಕೊಳ್ಳುವುದು ಒಂದು, ನಮ್ಮನ್ನು ಅಣ್ಣ ಅಂತ ಕರೆಯುವವನಿಗೆ ಇನ್ನೊಂದು. ಕೊನೆಗೆ ಲೈಬ್ರರಿಯ ಮೆಟ್ಟಿಲಲ್ಲಿ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ನಗು ನಿಂತಿತು. "ನಾನು ನಿಮ್ಮನ್ನೇ ಕೇಳ್ತಿದ್ದೆ ಅಣ್ಣ, ಎಲ್ಲಿಂದ ಹೊಡೀತಿದೆ ಅಂತ," ಅಂದ. ಗೊತ್ತು ಅಂದೆ. ಸುಮಾರು ಎರಡು ವಾರ ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅದು ನ್ಯಾಯವೇ. ಈ ಲೇಖನ ಪತ್ರಿಕೆಗೆ ಕೊಡುವ ಮೊದಲು ಅವನಿಗೆ ಓದಲು ಕೊಟ್ಟೆ. ಐಎಲ್-2 ಎಮ್ಮೆ ಅಂತ ಬರೆದದ್ದಕ್ಕೆ ಮಾತ್ರ ಆಕ್ಷೇಪ ಎತ್ತಿದ.

ಅವನಿಗೂ ಈಗ ಕಾಲ್‌ಸೈನ್ ಸಿಕ್ಕಿದೆ: ಮೇಣದಬತ್ತಿ. ಕರೆಂಟ್ ಹೋದಾಗ ಬೇಕಾಗುತ್ತದಲ್ಲ. ಹೆಸರಿಟ್ಟವನು ಪತ್ರೊಡೆ, ನನ್ನ ಮುಖ ನೋಡಿಕೊಂಡೇ ಇಟ್ಟ. ಟೋಪಿಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ ಸಿಕ್ಕಿಸಿ, ಹಳೆಯ ವೆಬ್‌ಕ್ಯಾಮ್‌ನ ಎದುರು ಫಿಲ್ಮ್ ನೆಗೆಟಿವ್ ಇಟ್ಟು, ಓಪನ್‌ಟ್ರ್ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಮೇಣದಬತ್ತಿ ನನಗೊಂದು ಹೆಡ್‌ಟ್ರ್ಯಾಕರ್ ಮಾಡಿಕೊಟ್ಟಿದ್ದಾನೆ. ತಲೆ ತಿರುಗಿಸಿದರೆ ಆಟದೊಳಗೂ ತಿರುಗುತ್ತದೆ. "ಇನ್ನು ಮುಂದೆ ಹಿಂದೆ ನೋಡಿ ಅಣ್ಣ" ಅಂತ ಹೇಳಿ ಕೊಟ್ಟದ್ದು. ಅದು ತಮಾಷೆಯೋ ಅಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ.

ಬಂಗುಡೆ ಮೇ ತಿಂಗಳಿಗೆ ಪಾಸಾಗಿ ಹೋಗುತ್ತಾನೆ. ಈ ಶನಿವಾರ ಒಂಬತ್ತೂವರೆಗೆ ಹಾಸ್ಟೆಲ್‌ನಲ್ಲಿ ಮತ್ತೆ ಅದೇ ಕ್ರೈಮಿಯಾ ಮಿಷನ್, ಅದೇ ಟ್ಯಾಂಕುಗಳು. ಬೋರ್ಡಿನಲ್ಲಿ ನಂಬರ್ ಟೂ ಎದುರು ಅಡಿಕೆ ಅಂತ ಬರೆದಿದ್ದಾನೆ. ಐಎಲ್-2ರಲ್ಲಿ ಎರಡು ಸೀಟು ಖಾಲಿ ಉಂಟು. ಜಾಯ್‌ಸ್ಟಿಕ್ ಇಲ್ಲದವರೂ ಬರಬಹುದು, ಹಳೆಯ ಗೇಮ್‌ಪ್ಯಾಡ್ ಸಾಕು. ಕೇಬಲ್ ಮಾತ್ರ ನೀವೇ ತನ್ನಿ.